ಸೈಲೆನ್ಸರ್ ಇಲ್ಲದ ಗಾಡಿ

ಕೆಲವರಿಗೆ ಕೆಲಸದಾಗ ವರ್ಷಕ್ಕೊಮ್ಮೆ ಏನರ ತಮಾಷಾ ಆಗ್ತದ, ಅದನ್ನ ಜೋಪಾನ ಮಾಡಿಟ್ಟು ಮದುವಿ ಮನ್ಯಾಗ ಕುಂತು ಹೇಳ್ತಾರ. ನನಗ ವಾರಕ್ಕ ಎರಡು ಆಗ್ತಾವ. ಕೇಳಿದವರು ಹೊಟ್ಟಿ ಹಿಡ್ಕೊಂಡು ನಗ್ತಾರ, ನನ್ನ ತಲಿ ಮಾತ್ರ ಕುದೀತಿರ್ತದ.

ನಾ ಎಲೆಕ್ಟ್ರಿಕ್ ಕಾರ್ ಮಾರಾವ. ಶೋರೂಮ್ ಕಲಬುರಗ್ಯಾಗ, ಮನಿ ಸೇಡಂದಾಗ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಈ ಐದು ಊರು ನನ್ನ ಲೈನ್. ಈ ವರ್ಷ ಸಣ್ಣ ಕಾರ್ ಒಂದು ಬಂತು. ಮ್ಯಾನೇಜರ್ ಸಾಹೇಬ್ರು ನನ್ನ ಕರದು ಕುಂದ್ರಿಸಿ ಹೇಳಿದ್ರು: "ನೋಡ್ರಿ, ಕಂತ್ರಾಟದಾರರು ದೊಡ್ಡ ಗಾಡಿ ತಗೋತಾರ, ಅದು ಬ್ಯಾರೆ ಮಾತು. ಇದು ಪಗಾರದ ಮಂದಿ ಗಾಡಿ. ವಯಸ್ಸು ನಲವತ್ತರ ಒಳಗ ಇರಬೇಕು. ತಿಂಗಳಾ ಪಗಾರ ಬರಬೇಕು. ದಿನಾ ಒಂದೇ ಹಾದಿ ಹೋಗಿ ಬರಾವ್ರು ಇರಬೇಕು. ಮನಿ ಮುಂದ ಗಾಡಿ ನಿಲ್ಲಾಕ ಜಾಗಾ ಇರಬೇಕು. ಅಂಥಾ ಒಂದೇ ಒಂದು ಗಿರಾಕಿ ದಸರಾ ಒಳಗ ತರ್ರಿ. ಇಲ್ಲಂದ್ರ ನಿಮ್ಮ ಲೈನ್ ಬಂದ್, ನೀವು ಬಳ್ಳಾರಿ ಶೋರೂಮಿಗೆ."

ಬಳ್ಳಾರಿ ಮ್ಯಾಲ ನನಗೇನೂ ಸಿಟ್ಟಿಲ್ರಿ. ಖರೆ ನನ್ನ ಹೆಂಡತಿ ಚಿಂಚೋಳಿ ಕಡಿ ಸರಕಾರಿ ಸಾಲ್ಯಾಗ ಟೀಚರ್. ಮದುವಿ ಆಗಿ ಮೂರು ವರ್ಷ ಆಕಿ ಒಂದು ಊರು, ನಾ ಒಂದು ಊರು ಇದ್ದಿವಿ. ಹೋದ ವರ್ಷ ಆಕಿಗೆ ವರ್ಗಾ ಆಗಿ, ಸೇಡಂದಾಗ ಒಂದು ಮನಿ ಮಾಡಿ, ಇಬ್ಬರೂ ಒಂದೇ ಛತ್ತಿನ ಕೆಳಗ ಉಣ್ಣಾಕತ್ತೀವಿ. ಈಗ ಮತ್ತ ಗಂಟು ಕಟ್ಟೂದಂದ್ರ ನನ್ನಿಂದ ಆಗಂಗಿಲ್ಲ.

ಅದಕ್ಕ ದಿನಾ ಸಂಜೀಕ ಮನಿಗೆ ಬಂದವನೇ, ಬೂಟು ಬಿಚ್ಚೂಕಿಂತ ಮೊದಲು ಆಕಿ ಮುಂದ ಗಿರಾಕಿಗಳನ್ನ ಬೈಲಿಕ್ಕ ಸುರು ಮಾಡ್ತಿದ್ದೆ. ಆಕಿ ಮಕ್ಕಳ ನೋಟ್‌ಬುಕ್ ತಿದ್ದಕೋತ ಕೇಳ್ತಿದ್ದಳು.

ಉಸ್ತಾದರ ತಪಾಸಣಿ

ಮೊದಲ ಗಿರಾಕಿ ವಾಡಿ ಹುಡುಗ. ವಯಸ್ಸು ಇಪ್ಪತ್ತೆಂಟು, ಪಕ್ಕಾ ನೌಕರಿ, ಮನಿ ಮುಂದ ದೊಡ್ಡ ಅಂಗಳ. ಗಾಡಿ ನಡಸಿ ನೋಡಿದ, ಬಣ್ಣ ಆರಿಸಿದ, ಸೀಟಿನ ಮ್ಯಾಲ ಕೈ ಆಡಿಸಿದ. ನಾ ಫಾರ್ಮ್ ತಗದೆ.

"ಒಂದು ನಿಮಿಷ ಸರ್, ನಮ್ಮ ಉಸ್ತಾದರಿಗೆ ಒಂದು ಮಾತು ತೋರಸೂಣು," ಅಂದ.

ನಮ್ಮ ಕಡಿ ಇದು ರಿವಾಜು ನೋಡ್ರಿ. ಹೆಣ್ಣು ನೋಡಾಕ ಹಿರಿಯರು, ಗಾಡಿ ನೋಡಾಕ ಮೆಕ್ಯಾನಿಕ್. ಈ ಉಸ್ತಾದರು ಹುಡುಗನ ಅಪ್ಪನ ಜೀಪು ಇಪ್ಪತ್ತು ವರ್ಷ ರಿಪೇರಿ ಮಾಡಿದವರು. ಗಾಡಿ ನಿಂದ್ರಸಿದ ಕೂಡ್ಲೆ ಬಾನೆಟ್ ಎತ್ತಿದ್ರು, ಒಳಗ ಇಣುಕಿದ್ರು, ನನ್ನ ಮಾರಿ ನೋಡಿದ್ರು.

"ಇಂಜಿನ್ ಕಾಂ ಹೈ?"

"ಇಂಜಿನ್ ಇರಂಗಿಲ್ರಿ ಉಸ್ತಾದ್, ಮೋಟರ್ ಇರ್ತದ."

ಅವರು ಟಾರ್ಚ್ ಹಚ್ಚಕೊಂಡು ಗಾಡಿ ಕೆಳಗ ಮಲಗಿದ್ರು. ಅಲ್ಲಿಂದೇ ದನಿ ಬಂತು: "ಸೈಲೆನ್ಸರ್ ಎಲ್ಲ್ಯದ?"

"ಇರಂಗಿಲ್ರಿ."

"ಆಯಿಲ್ ಎಲ್ಲಿ ಹಾಕೂದು?"

"ಆಯಿಲ್ ಬೇಕಾಗಂಗಿಲ್ರಿ."

"ಕ್ಲಚ್ ಪ್ಲೇಟ್?"

"ಇಲ್ರಿ."

ಹೊರಗ ಬಂದು ಎದ್ದು ನಿಂತ್ರು. "ಮತ್ತ ನಾ ಏನು ಮಾಡ್ಲಿ?"

ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ! ಭಾಳ ಹೆಮ್ಮಿಲೆ ಹೇಳಿಬಿಟ್ಟೆ: "ನಿಮಗ ಏನೂ ಕೆಲಸಾನೇ ಇರಂಗಿಲ್ರಿ ಉಸ್ತಾದ್!"

ಉಸ್ತಾದರ ಕೈಗೆ ಒಂದು ಹನಿ ಎಣ್ಣಿ ಹತ್ತಿರಲಿಲ್ಲ, ಆದ್ರೂ ಅರಿವಿ ತಗೊಂಡು ಸಾವಕಾಶ ಒರಸ್ಕೊಂಡ್ರು. ಹುಡುಗನ ಹೆಗಲ ಮ್ಯಾಲ ಕೈ ಇಟ್ಟು, "ಬೇಟಾ, ನಿಮ್ಮಪ್ಪನ ಜೀಪು ಎಷ್ಟು ಸಲ ಬಿಚ್ಚೀನಿ, ಎಷ್ಟು ಸಲ ಜೋಡಸೀನಿ, ಲೆಕ್ಕ ಇಲ್ಲ. ಇದನ್ನ ಬಿಚ್ಚಾಕೇ ಬರಂಗಿಲ್ಲ," ಅಂದ್ರು.

ಹುಡುಗ ನನ್ನ ಕಡಿ ತಿರುಗಿ, "ಸರ್, ಉಸ್ತಾದರ ಕೈಗೆ ಬರಲಾರದ ಗಾಡಿ ನಮ್ಮನ್ಯಾಗ ಆಗಂಗಿಲ್ರಿ," ಅಂದ.

"ಅಲ್ಲಪಾ, ಕೆಡೂದೇ ಕಡಿಮಿ ಇದ್ರ ಯಾಕ ಬಿಚ್ಚಬೇಕು?"

"ಕೆಡಲಾರದ ಗಾಡಿ ಎಲ್ಲರ ಇರ್ತದೇನ್ರಿ? ಸುಳ್ಳು ಹೇಳಬ್ಯಾಡ್ರಿ ಸರ್."

ಆಮ್ಯಾಲ ಆ ಹುಡುಗ ಹಳೇ ಡೀಸೆಲ್ ಗಾಡಿ ತಗೊಂಡ. ತಿಂಗಳದಾಗ ಇಪ್ಪತ್ತು ದಿನ ಅದು ಉಸ್ತಾದರ ಅಂಗಳದಾಗೇ ನಿಂತಿರ್ತದ. ಹುಡುಗ ಮೊನ್ನಿ ಸಿಕ್ಕಾಗ ಹೇಳಿದ: "ಭಾಳ ಛಲೋ ಗಾಡಿ ಸರ್, ಏನು ಕೆಟ್ಟರೂ ಉಸ್ತಾದರು ರಿಪೇರಿ ಮಾಡಿಕೊಡ್ತಾರ!"

ಇದನ್ನ ಮನ್ಯಾಗ ಹೇಳಿದಾಗ ಹೆಂಡತಿ ಕೆಂಪು ಪೆನ್ನು ಕೆಳಗಿಟ್ಟು, "ಅಂದ್ರ ರಿಪೇರಿ ಖರ್ಚು ಭಾಳ ಕಡಿಮಿ ಅನ್ರಿ?" ಅಂತ ಕೇಳಿದಳು.

"ನಿನಗ್ಯಾಕ ಅದೆಲ್ಲಾ? ಮೊದಲು ಚಹಾ ಮಾಡು," ಅಂದೆ.

ಗಿರಣಿ ಪಾಳಿ

ಎರಡನೇದ್ದು ಚಿತ್ತಾಪುರದ್ದು. ಲ್ಯಾಬ್ ಟೆಕ್ನಿಷಿಯನ್ ಹುಡುಗ, ಹೊಸದಾಗಿ ಮದುವಿ ಆದವ. "ರವಿವಾರ ಮನಿ ಮುಂದ ಗಾಡಿ ತರ್ರಿ, ಟೆಸ್ಟ್ ಡ್ರೈವ್ ಮಾಡೂಣು," ಅಂದ. ಟೆಸ್ಟ್ ಡ್ರೈವ್ ಅಂದ್ರ ಏನು? ಬಸ್‌ಸ್ಟ್ಯಾಂಡ್ ತನಕ ಹೋಗಿ ತಿರುಗಿ ಬರೂದು. ನಾ ಅರ್ಧ ಚಾರ್ಜ್ ಇದ್ದದ್ದೇ ಗಾಡಿ ತಗೊಂಡು ಹೋದೆ.

ಹೋದ್ರ ಮನಿ ಮುಂದ ಎಂಟು ಮಂದಿ ಹೊಸ ಅರಿವಿ ಹಾಕ್ಕೊಂಡು ನಿಂತಾರ. ಆಯಿ ಅಂದ್ರ ಹುಡುಗನ ಅಜ್ಜಿ, ಅಪ್ಪ, ಅವ್ವ, ಹೆಂಡತಿ, ತಂಗಿ, ತಂಗಿ ಎರಡು ಕೂಸು, ನಮ್ಮ ಹುಡುಗ. ಜೊತಿಗೆ ರೊಟ್ಟಿ ಗಂಟು, ಶೇಂಗಾ ಹಿಂಡಿ, ಸ್ಟೀಲಿನ ಡಬ್ಬಿ ತುಂಬ ಮಾದಲಿ.

"ಎಲ್ಲಿಗ್ರಿ?" ಅಂದೆ.

ಆಯಿ ಮೊದಲೇ ಮುಂದಿನ ಸೀಟಿನಾಗ ಕುಂತಾಗಿತ್ತು. "ಸನ್ನತಿಗೆ, ಮತ್ತೆಲ್ಲಿಗೆ? ತಾಯಿ ಚಂದ್ರಲಾಂಬಾ ಮುಂದ ನಿಂದ್ರಸಲಾರದ ನಮ್ಮನ್ಯಾಗ ಒಂದು ಸೈಕಲ್ಲೂ ತಗೊಂಡಿಲ್ಲಪಾ."

"ಐದು ಮಂದಿ ಗಾಡಿ ಅವ್ವಾ ಇದು, ನನ್ನ ಹಿಡದು ಒಂಬತ್ತು ಆಗ್ತದ."

"ಮತ್ತ ನೀ ಯಾಕ ಬರ್ತಿ?"

ಗಾಡಿ ನಂದು ಅಂತ ತಿಳಿಸಿ ಹೇಳೂತನಕ ಸಾಕಾತು. ಕಡೀಕ ಅಪ್ಪ, ಅವ್ವ ಬಸ್ಸಿಗೆ ಹೋದ್ರು, ಕೂಸುಗಳು ತೊಡಿ ಮ್ಯಾಲ ಕುಂತವು. ಹಾದ್ಯಾಗ ಒಬ್ಬ ಅತ್ತಿ ಮನ್ಯಾಗ ಚಹಾ, ಇನ್ನೊಬ್ಬರ ಮನ್ಯಾಗ ಚುರಮರಿ ಸುಸಲಾ. ಗಾಡಿ ನಿಂತಲ್ಲೆಲ್ಲಾ ಕೂಸುಗಳಿಗೆ ಶಕಿ ಅಂತ ಎ.ಸಿ. ಚಾಲೂನೇ. ದರ್ಶನ ಆತು, ಊಟ ಆತು. ತಿರುಗಿ ಬರಾಗ ಚಾರ್ಜ್ ನೋಡ್ತೀನಿ, ಆರು ಪರ್ಸೆಂಟ್! ಎ.ಸಿ. ಬಂದ್ ಮಾಡಿ, ಎಲ್ಲರ ಚಾರ್ಜ್ ಹಚ್ಚಾಕ ಜಾಗಾ ಸಿಗ್ತದೇನು ಅಂತ ನೋಡ್ಕೋತ ಹೊಂಟೆ.

ಒಂದು ಹಳ್ಳ್ಯಾಗ ಹಿಟ್ಟಿನ ಗಿರಣಿ ಕಂಡಿತು. ಗಿರಣಿಯಂವ ಭಾಳ ಒಳ್ಳೆಯವ. "ಕರೆಂಟ್ ಕೊಡ್ತೀನ್ರಿ, ಅದಕ್ಕೇನು? ಖರೆ ಎರಡೂ ಕೂಡೇ ನಡಿಯಂಗಿಲ್ಲ, ಫ್ಯೂಜ್ ಹೋಗ್ತದ. ಪಾಳಿಗೆ ನಿಂದ್ರಿ," ಅಂದ.

ಪಾಳಿ ಅಂದ್ರ ಹ್ಯಾಂಗ? ಜೋಳದ ಡಬ್ಬಿಗಳು ಸಾಲಾಗಿ ಇಟ್ಟಿದ್ರು, ಹೆಣ್ಣುಮಕ್ಕಳು ನೆಳ್ಳಾಗ ಕುಂತು ಮಾತಾಡಾಕತ್ತಿದ್ರು. ನಾ ಸಾಲಿನ ಕಡೀಕ ಹೋಗಿ ನಿಂತೆ. ಒಬ್ಬಾಕಿ ಅಂದಳು, "ಅಣ್ಣಾ, ಮನಷ್ಯಾರಿಗೆ ಪಾಳಿ ಇಲ್ಲ ಇಲ್ಲಿ. ನಿನ್ನ ಡಬ್ಬಿ ಎಲ್ಲಿ?"

"ನಂದು ಡಬ್ಬಿ ಇಲ್ಲವ್ವಾ, ಕಾರ್ ಅದ."

"ಡಬ್ಬಿ ಇಲ್ಲಂದ್ರ ಪಾಳಿ ಇಲ್ಲ."

ಏನು ಮಾಡ್ಲಿ? ಆಯಿ ಕೈಯಾಗಿನ ಮಾದಲಿ ಡಬ್ಬಿ ಇಸ್ಕೊಂಡು ಸಾಲಿನಾಗ ಇಟ್ಟೆ. ಹನ್ನೊಂದು ಡಬ್ಬಿ ಬೀಸೂತನಕ ಕುಂತೆ. ನನ್ನ ಪಾಳಿ ಬಂತು. ಗಿರಣಿಯಂವ ಮಾತಿನ ಗದ್ದಲದಾಗ ನನ್ನ ಮರತೇ ಬಿಟ್ಟಿದ್ದ. ಡಬ್ಬಿ ಮುಚ್ಚಳ ತಗದು ನೋಡಿ ಒದರಿದ: "ಯಾರದ್ರಿ ಇದು? ಬೀಸಿ, ಬೆಲ್ಲಾ ಹಾಕಿ, ತುಪ್ಪಾ ಕಲಸಿ ತಂದೀರಿ, ಇನ್ನ ನಾ ಏನು ಬೀಸ್ಲಿ?"

ಎರಡು ತಾಸು ಚಾರ್ಜ್ ಆತು. ಹಿಂದಿನ ಡಬ್ಬಿಯವರು ನನ್ನ ಏಳು ತಲಿಮಾರು ಬೈದ್ರು. ಮನಿ ಮುಟ್ಟಿದ ಮ್ಯಾಲ ಹುಡುಗ ಆಯಿ ಮಾರಿ ನೋಡಿದ. ಆಯಿ ಇಳಕೋತ ತೀರ್ಪು ಕೊಟ್ಟಿತು: "ಗಾಡಿ ಛಲೋ ಅದ. ಖರೆ ಗಿರಣಿ ಬಾಜೂಕ ಮನಿ ಇದ್ದವರಿಗೆ ಅಷ್ಟೇ."

ಅವತ್ತು ಸಂಜೀಕ ಹೆಂಡತಿ ಕೇಳಿದಳು: "ರಾತ್ರಿ ಮನ್ಯಾಗ ಹಚ್ಚಿಟ್ಟು ಮುಂಜಾನಿ ತಗದ್ರ, ಚಿಂಚೋಳಿಗೆ ಹೋಗಿ ಬರಾಕ ಸಾಲ್ತದೇನ್ರಿ?"

"ಒಂದಲ್ಲ, ಎರಡು ಸಲ ಹೋಗಿ ಬರಬಹುದು! ಆದ್ರ ಈ ಮಂದಿಗೆ ಯಾರು ತಿಳಿಸಿ ಹೇಳಬೇಕು?" ಅಂತ ಒದರಿದೆ. ಆಕಿ "ಹೌದ್ರಿ," ಅಂದು ಮತ್ತ ನೋಟ್‌ಬುಕ್ ತಗೊಂಡಳು.

ಓಣ್ಯಾಗ ಗೊತ್ತಾಗಬೇಕಲ್ರಿ

ಶಹಾಬಾದದವ ನನ್ನ ಬರೇ ಹತ್ತು ನಿಮಿಷದಾಗ ಮುಗಿಸಿದ. ಫರಸಿ ಕಲ್ಲು ಪಾಲಿಷ್ ಮಾಡೂ ಕಾರಖಾನಿದಾಗ ಸೂಪರವೈಜರ್. ದಿನಾ ಮಷೀನ್ ಸಪ್ಪಳದಾಗ ಇದ್ದು ಕಿವಿ ಅರ್ಧ ಹೋಗ್ಯಾವ. ಇಂಥವನಿಗೆ ಸಪ್ಪಳ ಇಲ್ಲದ ಗಾಡಿ ಅಂದ್ರ ಪ್ರಾಣ ಅಂತ ತಿಳದು, ಅದನ್ನೇ ಎತ್ತಿ ಹೇಳಿದೆ: "ಗಾಡಿ ಬಂದದ್ದೇ ಗೊತ್ತಾಗಂಗಿಲ್ರಿ, ಅಷ್ಟು ಶಾಂತ!"

ಆವ ಮಾರಿ ಸಣ್ಣ ಮಾಡಿದ. "ಬಂದದ್ದು ಗೊತ್ತಾಗಂಗಿಲ್ಲೇನ್ರಿ?"

"ಇಲ್ರಿ."

"ಮತ್ತ ನಾ ಕಾರ್ ತಗೊಂಡದ್ದು ಓಣ್ಯಾಗ ಹ್ಯಾಂಗ ಗೊತ್ತಾಗಬೇಕು?"

"ಹಾರ್ನ್ ಹೊಡೀರಿ!" ಅಂದೆ ಸಿಟ್ಟಿಲೆ.

"ಹಾರ್ನ್ ನನ್ನ ಮೋಟರ್‌ಸೈಕಲ್ಲಿಗೂ ಅದ," ಅಂದು ಎದ್ದು ಹೋದ.

ಚಿಮ್ಮನಚೋಡದ ಕಾಯಿ

ದಸರಾಕ್ಕ ನಾಕು ದಿನ ಉಳಿದಿತ್ತು. ಇನ್ನ ಒಬ್ಬನೇ ಗಿರಾಕಿ. ಚಿಂಚೋಳ್ಯಾಗ ಕಾಲೇಜಿನಾಗ ಪಾಠಾ ಮಾಡೂ ಹುಡುಗ, ಚಿಮ್ಮನಚೋಡದಿಂದ ದಿನಾ ಓಡಾಡ್ತಾನ. ಓದಿದ ಹುಡುಗ ನೋಡ್ರಿ, ಉಸ್ತಾದರು ಬೇಡ, ಸನ್ನತಿ ಬೇಡ, ಸಪ್ಪಳ ಬೇಡ. ಒಂದೇ ಮಾತು ಅವಂದು: "ಅಪ್ಪನ ಸಮಾಧಾನಕ್ಕ ಮನಿ ಮುಂದ ಪೂಜಾ ಆಗಬೇಕ್ರಿ. ಮುಹೂರ್ತಕ್ಕ ಗಾಡಿ ಚಾಲೂ ಮಾಡಬೇಕು, ಚಾಲೂ ಆದ ಕ್ಷಣಕ್ಕ ಅಪ್ಪ ಕಾಯಿ ಒಡೀತಾರ, ಕಾಯಿ ಒಡದ ಕ್ಷಣಕ್ಕ ನಾ ಸಹಿ ಮಾಡ್ತೀನಿ."

ನಾ ಖುಷಿಯಿಂದ ಹಾರಿಬಿಟ್ಟೆ. ಡೆಮೋ ಗಾಡಿ ತೊಳದು, ಒರಸಿ, ಮುಂಜಾನಿನೇ ಹೋದೆ. ಗಾಡಿಗೆ ವಿಭೂತಿ ಹಚ್ಚಿದ್ರು, ಹೂವಿನ ಹಾರ ಹಾಕಿದ್ರು. ಅಯ್ಯನೋರು ಗಡಿಯಾರ ನೋಡ್ಕೋತ ನಿಂತ್ರು. ಅಪ್ಪ ಕಾಯಿ ಎತ್ತಿ ಹಿಡದ್ರು. "ಹೂಂ, ಚಾಲೂ ಮಾಡ್ರಿ!" ಅಂದ್ರು ಅಯ್ಯನೋರು.

ನಾ ಬಟನ್ ಒತ್ತಿದೆ. ಎಲ್ಲಾರೂ ಸುಮ್ಮ ನಿಂತಾರ. ಅಪ್ಪನ ಕೈ ಮ್ಯಾಲೇ ಅದ.

"ಚಾಲೂ ಮಾಡ್ರಿ ಅಂದ್ನಲ್ಲ?"

"ಮಾಡೀನ್ರಿ."

"ಎಲ್ಲಿ?"

"ಚಾಲೂ ಅದ್ರಿ. ನೋಡ್ರಿ, ಇಲ್ಲಿ ಲೈಟ್ ಹತ್ಯಾದ."

ತೆಲಂಗಾಣ ಕಡಿಂದ ಬಂದ ಸೋದರಮಾವ ಬಾನೆಟ್ ಮ್ಯಾಲ ಕಿವಿ ಇಟ್ಟು ಕೇಳಿದ್ರು. ತಲಿ ಅಲ್ಲಾಡಿಸಿದ್ರು: "ಸ್ಟಾರ್ಟ್ ಕಾಲೇದಂಡಿ."

"ಆಗ್ಯಾದ್ರಿ ಮಾವಾ!" ಅಂದ ಹುಡುಗ.

ಅವರ ಹಿಂದ ಕಾಕಾ ಕಿವಿ ಇಟ್ರು, ಕಾಕಿ ಇಟ್ರು, ಬಾಜೂ ಮನಿಯವರೂ ಬಂದು ಇಟ್ರು. ಯಾರಿಗೂ ಏನೂ ಕೇಳಸಲಿಲ್ಲ. ಅಯ್ಯನೋರು, "ಇನ್ನ ಒಂದೇ ನಿಮಿಷ ಅದ," ಅಂದ್ರು. "ಅಪ್ಪಾ, ಚಾಲೂ ಅದ, ಒಡೀರಿ!" ಅಂತ ಹುಡುಗ ಒದರಿದ. "ಸಪ್ಪಳ ಬರಲಾರದ ಹ್ಯಾಂಗ ಒಡೀಲೋ?" ಅಂತ ಅಪ್ಪ ಒದರಿದ್ರು.

ಅಷ್ಟರಾಗ ಬಾಜೂ ಅಂಗಳದಾಗ ಯಾರೋ ಟ್ರ್ಯಾಕ್ಟರ್ ಚಾಲೂ ಮಾಡಿದ್ರು. ಧಡ್ ಧಡ್ ಧಡ್ ಅಂತ ಸಪ್ಪಳ ಬಂತು. ಅಪ್ಪ ತಡಾ ಮಾಡಲಿಲ್ಲ, ಫಟ್ ಅಂತ ಕಾಯಿ ಒಡದೇ ಬಿಟ್ರು!

ನಾ ಪೆನ್ನಿನ ಟೋಪಿ ತಗದು ಹುಡುಗನ ಕೈಗೆ ಕೊಡಾಕತ್ತಿದ್ದೆ. ಅಯ್ಯನೋರು ಕೈ ಅಡ್ಡ ಹಿಡದ್ರು. "ತಡೀರಿ. ಯಾವ ಸಪ್ಪಳಕ್ಕ ಕಾಯಿ ಒಡೀತೋ, ಪೂಜಾ ಅದಕ್ಕ ಸಂದಂಗ."

"ಅಯ್ಯನೋರ, ಇನ್ನೊಂದು ಕಾಯಿ ತರ್ತೀನ್ರಿ!" ಅಂದ ಹುಡುಗ.

"ಕಾಯಿ ತರಬಹುದು. ಮುಹೂರ್ತ ಎಲ್ಲಿಂದ ತರ್ತಿ? ನಿನ್ನ ರಾಶಿಗೆ ದಸರಾನೂ ಕೂಡಂಗಿಲ್ಲ, ಮುಂದಿಂದು ದೀಪಾವಳಿ ಆದ ಮ್ಯಾಲೇ."

ಅಷ್ಟರಾಗ ಟ್ರ್ಯಾಕ್ಟರಿನಂವ ಗದ್ದಲ ಕೇಳಿ ಗ್ವಾಡಿ ಮ್ಯಾಲಿಂದ ಇಣುಕಿದ. ಸಂಗತಿ ತಿಳದ ಮ್ಯಾಲ ಭಾಳ ಖುಷಿ ಆಗಿ ಬಂದು ಅಯ್ಯನೋರ ಕಾಲು ಮುಟ್ಟಿ, ಅರ್ಧ ಕಾಯಿ ತಗೊಂಡು, ನನ್ನ ಗಾಡಿ ಮ್ಯಾಲಿನ ಹಾರಾನೂ ಬಿಚ್ಚಕೊಂಡು ಹೋದ.

ಬಗಲಾಗಿನ ಕೂಸು

ಅವತ್ತು ಸೇಡಂಕ್ಕ ಬಂದಾಗ ನನಗ ಅಳೂದೊಂದೇ ಬಾಕಿ. ಬಳ್ಳಾರ್ಯಾಗ ಬಾಡಿಗಿ ಖೋಲಿ ಯಾರಿಗೆ ಕೇಳಬೇಕು ಅಂತ ವಿಚಾರ ಮಾಡ್ಕೋತ ಒಳಗ ಬಂದೆ. ಪಡಸಾಲ್ಯಾಗ ಹೆಂಡತಿ ಜೊತಿಗೆ ನಾಕು ಮಂದಿ ಟೀಚರ್ ಕುಂತಿದ್ರು. ಐದೂ ಮಂದಿ ದಿನಾ ಒಂದು ಬಾಡಿಗಿ ಜೀಪಿನಾಗ ಕೂಡಿ ಸಾಲಿಗೆ ಹೋಗ್ತಾರ.

ಅವರೆದುರಿಗೆ ಟೀಪಾಯಿ ಮ್ಯಾಲ ಒಂದು ಫಾರ್ಮ್. ನೋಡ್ತೀನಿ, ನಮ್ಮ ಶೋರೂಮಿನ ಎದುರಿಗೆ ಒಂದು ಶೋರೂಮ್ ಅದಲ್ಲ, ಅವರದು! ಎಲೆಕ್ಟ್ರಿಕ್ ಕಾರ್ ಬುಕಿಂಗ್ ಫಾರ್ಮ್!

"ಯಾರದು ಇದು?"

"ನಂದು," ಅಂದಳು ಹೆಂಡತಿ. "ನಾಳೆ ಬುಕ್ ಮಾಡ್ತೀನಿ. ಐದೂ ಮಂದಿ ಅದರಾಗೇ ಹೋಗ್ತೀವಿ. ಜೀಪಿನಂವಂದು ದಿನಾ ಒಂದು ರಗಳಿ."

ನನಗ ಪಿತ್ತ ನೆತ್ತಿಗೇರಿತು. "ನನಗ ಯಾಕ ಹೇಳಲಿಲ್ಲ? ನಾ ಇಲ್ಲಿ ಬಳ್ಳಾರಿಗೆ ಹೋಗೂ ಹಾದ್ಯಾಗ ನಿಂತೀನಿ, ನೀ ಎದುರಿನವರಿಂದ ಕಾರ್ ತಗೋತಿ?"

"ನಾ ಏನು ಕಡಿಮಿ ಕೇಳೀನೇನ್ರಿ? ರಿಪೇರಿ ಖರ್ಚು ಕೇಳಿದೆ, ಚಹಾ ಮಾಡು ಅಂದ್ರಿ. ಚಿಂಚೋಳಿಗೆ ಸಾಲ್ತದೇನು ಅಂದೆ, ಒದರಿದ್ರಿ. ಮೊನ್ನಿ ರವಿವಾರ ಅಲ್ಲಿಗೆ ಹೋದ್ರ, 'ಮೇಡಮ್, ಬರ್ರಿ, ನೀವೇ ನಡಸಿ ನೋಡ್ರಿ' ಅಂದ್ರು. ನೀವು ಚಿತ್ತಾಪುರದ ಆಯಿಗೆ ಸನ್ನತಿ ತೋರಿಸಿ ಬಂದ್ರಿ. ನನಗ ಒಂದಿನಾ ಹಿಂದಿನ ಸೀಟಿನಾಗರ ಕುಂದ್ರಿಸೀರೇನು?"

ಮ್ಯಾನೇಜರ್ ಸಾಹೇಬ್ರ ಮಾತು ಒಂದೊಂದೇ ನೆನಪಾತು. ಆಕಿ ವಯಸ್ಸು ಮೂವತ್ತೆರಡು. ತಿಂಗಳಾ ಪಗಾರ. ದಿನಾ ಒಂದೇ ಹಾದಿ. ಮನಿ ಮುಂದ ಜಾಗಾ. ಬಗಲಾಗ ಕೂಸು ಇಟ್ಟುಕೊಂಡು ಐದು ಊರು ಹುಡುಕೀನಿ ನೋಡ್ರಿ! ಹುಡುಗರನ್ನ ಕೇಳ್ದೆ, ಅವರ ಅಪ್ಪಗ ಕೇಳ್ದೆ, ಉಸ್ತಾದಗ ಕೇಳ್ದೆ, ಅಯ್ಯನೋರಿಗೂ ಕೇಳ್ದೆ. ಮನ್ಯಾಗಿನಾಕಿನ್ನ ಕೇಳಲಿಲ್ಲ. ಖರೇನೇ ನಾಚಿಕಿ ಆತು.

"ತಪ್ಪಾತು," ಅಂದೆ. "ನಮ್ಮ ಕಡಿ ಬುಕ್ ಮಾಡು. ನಾ ಬಳ್ಳಾರಿಗೆ ಹೋಗೂದು ತಪ್ತದ."

"ಮಾಡ್ತೀನಿ. ಬಳ್ಳಾರಿಗೆ ನಿಮ್ಮನ್ನ ಕಳಸಿ ನಾ ಒಬ್ಬಾಕಿನೇ ಇಲ್ಲಿ ಏನು ಮಾಡ್ಲಿ? ಖರೆ ಗಿರಾಕಿಗೆ ಹೇಳಿದಂಗ ನನಗ ಮೊದಲಿಂದ ಹೇಳಬೇಕು. ನಿಂತುಕೊಂಡು. ಮೇಡಮ್ ಅನ್ಕೋತ."

ಹೇಳ್ದೆ ನೋಡ್ರಿ. ನನ್ನ ಮನಿ ಪಡಸಾಲ್ಯಾಗ, ಐದು ಟೀಚರ್ ಮುಂದ, ಸಾಲಿ ಹುಡುಗನ ಹಂಗ ಕೈ ಕಟ್ಟಿ ನಿಂತೆ. "ಮೇಡಮ್, ಈ ಗಾಡಿ..."

"ಸೈಲೆನ್ಸರ್ ಎಲ್ಲ್ಯದ್ರಿ?" ಅಂದಳು ಒಬ್ಬಾಕಿ.

"ನಮ್ಮ ಉಸ್ತಾದರಿಗೆ ತೋರಸಬೇಕಲ್ರಿ," ಅಂದಳು ಇನ್ನೊಬ್ಬಾಕಿ.

"ಡಬ್ಬಿ ತಂದೀರೇನ್ರಿ ಸರ್? ಡಬ್ಬಿ ಇಲ್ಲಂದ್ರ ಪಾಳಿ ಇಲ್ಲ!"

ಎಲ್ಲಾರೂ ಬಿದ್ದು ಬಿದ್ದು ನಗಾಕತ್ತಿದ್ರು. ನಾ ಹೆಂಡತಿ ಮಾರಿ ನೋಡಿದೆ.

"ಹೌದ್ರಿ," ಅಂದಳು. "ನೀವು ಸಂಜೀಕ ಬೈದದ್ದನ್ನ ನಾ ಮುಂಜಾನಿ ಜೀಪಿನಾಗ ಹೇಳ್ತಿದ್ದೆ. ಕೇಳ್ಕೋತ ಚಿಂಚೋಳಿ ಹ್ಯಾಂಗ ಬಂತು ಗೊತ್ತಾಗ್ತಿರಲಿಲ್ಲ."

ಹಿರೇ ಟೀಚರ್ ಕಣ್ಣು ಒರಸ್ಕೋತ, "ಸರ್, ಇವತ್ತು ಚಿಮ್ಮನಚೋಡಕ್ಕ ಹೋಗಿದ್ರಂತ, ಅಲ್ಲೇನಾತು? ಮುಂಜಾನಿತನಕ ಕಾಯಾಕ ಆಗಂಗಿಲ್ಲ, ಈಗೇ ಹೇಳ್ರಿ," ಅಂದ್ರು. ಟ್ರ್ಯಾಕ್ಟರ್ ಸಂಗತಿ ಹೇಳ್ದೆ. ಅವರಲ್ಲಿ ಇಬ್ಬರು, "ಇವಳ ಗಾಡಿ ಒಂದು ವರ್ಷ ನೋಡಿ ನಾವೂ ತಗೋತೀವ್ರಿ," ಅಂದ್ರು.

ಹೆಂಡತಿ ನಮ್ಮ ಶೋರೂಮಿನ ಫಾರ್ಮಿಗೆ ಸಹಿ ಮಾಡಿದಳು. ಮುಹೂರ್ತ ಇಲ್ಲ, ಕಾಯಿ ಇಲ್ಲ. ಮರುದಿನ ಅದನ್ನ ಮ್ಯಾನೇಜರ್ ಸಾಹೇಬ್ರ ಮುಂದ ಇಟ್ಟು ಎದಿ ಉಬ್ಬಿಸಿ ನಿಂತೆ. ಅವರು ಒಂದೊಂದೇ ಸಾಲು ಓದಿದ್ರು. ವಯಸ್ಸು ಸರಿ, ನೌಕರಿ ಸರಿ. ಕಡೀ ಸಾಲಿಗೆ ಬಂದು ನಿಂತ್ರು, ಕನ್ನಡಕ ಏರಿಸಿ ಮತ್ತೊಮ್ಮೆ ಓದಿದ್ರು, ಆಮ್ಯಾಲ ಫಾರ್ಮ್ ನನ್ನ ಕಡಿ ತಿರುಗಿಸಿದ್ರು.

"ಈ ಗಾಡಿಯ ಬಗ್ಗೆ ನಿಮಗೆ ಹೇಗೆ ತಿಳಿಯಿತು?" ಅನ್ನೂ ಪ್ರಶ್ನೆದ ಮುಂದ ಆಕಿ ದುಂಡನ ಅಕ್ಷರದಾಗ ಬರದಿದ್ದಳು: "ನಮ್ಮ ಮನೆಯವರು ದಿನಾ ಸಂಜೆ ಬೈಯುತ್ತಿದ್ದರು."

ಸಾಹೇಬ್ರು ಫಾರ್ಮಿಗೆ ಠಸ್ಸೆ ಹೊಡದು, "ನಿಮ್ಮ ಲೈನ್ ಉಳೀತು. ನಾಳಿಂದ ಬ್ಯಾರೆಯವರ ಮನಿಗೂ ಹೋಗಿ ಇಷ್ಟಿಷ್ಟು ಬೈದು ಬರ್ರಿ," ಅಂದ್ರು.